ಇಂದಿನ ಧಮ್ಮ ಚಿಂತನೆ: ಸರದಿಯಲ್ಲಿ ಕಾಯುವವನ ನಡಿಗೆ

ಈ ತಿಂಗಳು ನಾವು ದಾನ ಪಾರಮಿಯನ್ನು ಓದುತ್ತಿದ್ದೇವೆ. ಇವತ್ತಿನ ಚಿಂತನೆ ನೀವು ಬರೆಯಿರಿ ಎಂದು ಬಳಗದ ಹಿರಿಯರು ಹೇಳಿದಾಗ ಮೊದಲು ಬೇಡ ಅಂದೆ. ದಾನದ ಬಗ್ಗೆ ಕೊಡುವವರು ಬರೆಯಲಿ, ಕಿಡ್ನಿಗಾಗಿ ಸರದಿಯಲ್ಲಿ ಕಾಯುತ್ತಿರುವ ನಾನು ಏನು ಬರೆಯಲಿ ಅಂತ. "ಮೇಷ್ಟ್ರೇ, ತಗೊಳ್ಳೋನಿಲ್ಲದೆ ದಾನ ಎಲ್ಲಿಂದ ಬರುತ್ತೆ? ಅದನ್ನೇ ಬರೀರಿ" ಅಂದರು. ಹಾಗಾಗಿ ಹೋದ ಭಾನುವಾರ ನಾನು ನಡೆದ ಒಂದು ಸಣ್ಣ ನಡಿಗೆಯ ಬಗ್ಗೆ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗಿದೆ. ಬೆಳಗಿನ ಕಾಫಿಯ ಹೊತ್ತಿಗೆ ಮುಗಿಯದಿದ್ದರೆ ಸಂಜೆ ಓದಿ.

ಸತಿಪಟ್ಠಾನ ಸುತ್ತದಲ್ಲಿ ದೇಹದ ಭಾಗಗಳನ್ನು ಒಂದೊಂದಾಗಿ ನೆನೆಯುವ ಪಟ್ಟಿ ಇದೆಯಲ್ಲ, ಅದರಲ್ಲಿ 'ವಕ್ಕಂ' ಎಂಬ ಪದ ಬರುತ್ತದೆ. ಮೂಳೆಯ ಮಜ್ಜೆ ಆದ ಮೇಲೆ, ಹೃದಯಕ್ಕಿಂತ ಮೊದಲು. ವಕ್ಕಂ ಅಂದರೆ ಮೂತ್ರಪಿಂಡ. ವರ್ಷಗಟ್ಟಲೆ ಎಲ್ಲರ ಜೊತೆ ದನಿಗೂಡಿಸಿ ಆ ಪಟ್ಟಿ ಹೇಳಿದ್ದೇನೆ, ಒಂದು ದಿನವೂ ಆ ಪದದ ಮೇಲೆ ನಿಲ್ಲಲಿಲ್ಲ. ವಿಸುದ್ಧಿಮಗ್ಗದಲ್ಲಿ ಬುದ್ಧಘೋಷರು ಅದನ್ನು ಒಂದೇ ತೊಟ್ಟಿಗೆ ಜೋತುಬಿದ್ದ ಎರಡು ಮಾವಿನ ಹಣ್ಣಿಗೆ ಹೋಲಿಸಿದ್ದಾರೆ. ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿ ನಾನು ಅದನ್ನು ಹುರುಳಿಕಾಳಿನ ಆಕಾರ ಅಂತ ಬೋರ್ಡಿನ ಮೇಲೆ ಬರೆಯುತ್ತಿದ್ದೆ. ನನ್ನ ಎರಡು ಮಾವಿನ ಹಣ್ಣೂ ಕೆಟ್ಟು ಈಗ ಮೂರು ವರ್ಷ ಆಗುತ್ತಾ ಬಂತು. ಕಾರಣ ದೊಡ್ಡದೇನಲ್ಲ. ಬಿಪಿ ಮಾತ್ರೆಯನ್ನು ನೆನಪಾದಾಗ ನುಂಗಿದ್ದು, ಮಂಡಿನೋವಿಗೆ ಅಂಗಡಿಯಲ್ಲಿ ಸಿಕ್ಕ ನೋವಿನ ಮಾತ್ರೆ ತಿಂದಿದ್ದು. ಮಕ್ಕಳಿಗೆ ಪಾಠ ಹೇಳಿದವನೇ ಹೀಗೆ ಮಾಡಿಕೊಂಡೆ.

ಡಯಾಲಿಸಿಸ್ ಗೊತ್ತಿಲ್ಲದವರಿಗೆ ಒಂದೆರಡು ಮಾತು. ಮಂಗಳವಾರ, ಗುರುವಾರ, ಶನಿವಾರ ನನ್ನ ಪಾಳಿ. ಪ್ರತಿ ಸಲ ನಾಲ್ಕು ಗಂಟೆ. ಎಡಗೈಯಲ್ಲಿ ರಕ್ತನಾಳ ಎರಡನ್ನು ಸೇರಿಸಿ ಹೊಲಿದಿದ್ದಾರೆ, ಅದಕ್ಕೆ ಫಿಸ್ಟುಲಾ ಅನ್ನುತ್ತಾರೆ. ಅದರ ಮೇಲೆ ಬೆರಳಿಟ್ಟರೆ ಒಳಗೆ ದುಂಬಿ ಸಿಕ್ಕಿಹಾಕಿಕೊಂಡ ಹಾಗೆ ಝುಂಯ್ ಅನ್ನುತ್ತಿರುತ್ತದೆ. ರಾತ್ರಿ ನಿದ್ದೆ ಬಾರದಿದ್ದರೆ ಉಸಿರಿನ ಬದಲು ಅದನ್ನೇ ಗಮನಿಸುತ್ತೇನೆ. ಆ ಕೈಯಲ್ಲಿ ಭಾರ ಎತ್ತುವಂತಿಲ್ಲ, ಬಿಪಿ ನೋಡಿಸುವಂತಿಲ್ಲ. ನೀರು, ಕಾಫಿ, ಮಜ್ಜಿಗೆ, ಸಾರು ಎಲ್ಲ ಸೇರಿ ದಿನಕ್ಕೆ ಮುಕ್ಕಾಲು ಲೀಟರು. ಇದು ನನ್ನ ಡಾಕ್ಟರು ನನಗೆ ಹೇಳಿದ ಲೆಕ್ಕ, ಬೇರೆಯವರಿಗೆ ಬೇರೆ ಇರುತ್ತದೆ. ಬಾಯಾರಿಕೆಗೆ ಪಾಳಿಯಲ್ಲಿ 'ತಣ್ಹಾ' ಅಂತಲೇ ಹೆಸರು. ನಾಲ್ಕು ಆರ್ಯ ಸತ್ಯಗಳಲ್ಲಿ ಎರಡನೆಯದನ್ನು ನಾನು ಪುಸ್ತಕದಿಂದ ಕಲಿತಿದ್ದೆ, ಮಾರ್ಚ್ ತಿಂಗಳ ಮೈಸೂರಿನ ಬಿಸಿಲು ನಾಲಿಗೆಯ ಮೇಲೆ ಕಲಿಸಿತು.

ಮನೆಯಲ್ಲಿ ಕೊಡಬಲ್ಲವರು ಯಾರೂ ಒದಗಲಿಲ್ಲ. ಹೆಂಡತಿಗೆ ಸಕ್ಕರೆ ಕಾಯಿಲೆ. ತಮ್ಮನ ವಿಷಯ ಆಮೇಲೆ ಬರೆಯುತ್ತೇನೆ. ಹಾಗಾಗಿ ಒಂದೂವರೆ ವರ್ಷದ ಹಿಂದೆ ಆಸ್ಪತ್ರೆಯ ಮೂಲಕ ಜೀವಸಾರ್ಥಕತೆಯ ಪಟ್ಟಿಯಲ್ಲಿ ಹೆಸರು ಬರೆಸಿದೆ. ಕರ್ನಾಟಕದಲ್ಲಿ ಮೃತರ ಅಂಗಾಂಗ ದಾನವನ್ನು ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಅದು. ಇಲ್ಲಿಂದ ನನ್ನ ನಿಜವಾದ ಕಷ್ಟ ಶುರುವಾಯಿತು, ಮತ್ತು ಅದು ದೇಹದ ಕಷ್ಟ ಅಲ್ಲ.

ಈ ಪಟ್ಟಿಯಲ್ಲಿರುವವನು ಯಾವುದಕ್ಕೆ ಕಾಯುತ್ತಾನೆ? ಬಾಯಿಬಿಟ್ಟು ಯಾರೂ ಹೇಳುವುದಿಲ್ಲ. ಎಲ್ಲೋ ಒಬ್ಬರು, ನನ್ನದೇ ರಕ್ತದ ಗುಂಪಿನವರು, ತಲೆಗೆ ಪೆಟ್ಟು ಬಿದ್ದು ಮೆದುಳು ಸತ್ತು, ಹೃದಯ ಇನ್ನೂ ಬಡಿಯುತ್ತಿರುವಾಗ ಆಸ್ಪತ್ರೆಯಲ್ಲಿ ಮಲಗಿರಬೇಕು. ಆಗ ನನ್ನ ಫೋನ್ ಹೊಡೆದುಕೊಳ್ಳುತ್ತದೆ. ಕಳೆದ ಜೂನ್‌ನಲ್ಲಿ ಒಂದು ದಿನ ಪತ್ರಿಕೆ ಓದುತ್ತಿದ್ದೆ. ನಂಜನಗೂಡು ರಸ್ತೆಯಲ್ಲಿ ಅಪಘಾತ, ಬೈಕ್ ಸವಾರನಿಗೆ ಗಂಭೀರ ಗಾಯ. ಅಯ್ಯೋ ಪಾಪ ಅನ್ನುವುದಕ್ಕಿಂತ ಮೊದಲು ನನ್ನ ಮನಸ್ಸು ಕೇಳಿದ್ದು: ಬ್ಲಡ್ ಗ್ರೂಪ್ ಯಾವುದಿರಬಹುದು?

ಪತ್ರಿಕೆ ಮಡಿಸಿಟ್ಟೆ. ಆ ದಿನ ಸಂಜೆ ಮೈತ್ರಿ ಭಾವನೆಗೆ ಕೂತರೆ ಆಗಲಿಲ್ಲ. ಎಲ್ಲ ಜೀವಿಗಳೂ ಸುಖವಾಗಿರಲಿ ಅಂತ ಯಾವ ಬಾಯಲ್ಲಿ ಹೇಳುವುದು? ಅದಾದ ಮೇಲೆ ಕೆಲವು ತಿಂಗಳು ನಾನು ಬಳಗದ ಸಭೆಗೆ ಸರಿಯಾಗಿ ಬರಲಿಲ್ಲ. ಡಯಾಲಿಸಿಸ್ ಸುಸ್ತು ಅಂತ ಹೇಳಿದ್ದೆ. ಅದು ಅರ್ಧ ನಿಜ.

ನಡುವೆ ಒಂದು ಸಲ ಫೋನ್ ಬಂತು ಕೂಡ. ರಾತ್ರಿ ಎರಡು ಗಂಟೆಗೆ. ಏನೂ ತಿನ್ನಬೇಡಿ, ಹೊರಟು ಬನ್ನಿ ಅಂದರು. ಒಂದು ಕಿಡ್ನಿಗೆ ಒಬ್ಬರಿಗಿಂತ ಹೆಚ್ಚು ಜನರನ್ನು ಕರೆಸುವುದುಂಟು, ಏಕೆಂದರೆ ಕೊನೆಯ ರಕ್ತ ಹೊಂದಾಣಿಕೆಯ ಪರೀಕ್ಷೆಯಲ್ಲಿ ಯಾರಿಗೆ ಕೂಡಿಬರುತ್ತದೋ ಗೊತ್ತಿರುವುದಿಲ್ಲ. ಬೆಳಿಗ್ಗೆ ಹತ್ತಕ್ಕೆ ನನಗೆ ಕೂಡಿಬರಲಿಲ್ಲ ಅಂತ ಹೇಳಿ ಕಳಿಸಿದರು. ಬರುವಾಗ ತೀವ್ರ ನಿಗಾ ಘಟಕದ ಮುಂದೆ ನೆಲದ ಮೇಲೆ ಒಂದು ಕುಟುಂಬ ಕೂತಿತ್ತು. ಒಬ್ಬ ಹೆಣ್ಣುಮಗಳು ಚಪ್ಪಲಿಯನ್ನು ಮಡಿಲಲ್ಲಿ ಇಟ್ಟುಕೊಂಡಿದ್ದಳು, ಗಂಡಸರ ಚಪ್ಪಲಿ. ಅವರೇ ಹೌದೋ ಅಲ್ಲವೋ ನನಗೆ ಗೊತ್ತಿಲ್ಲ. ಕೊಟ್ಟವರು ಯಾರು, ಪಡೆದವರು ಯಾರು ಎಂಬುದನ್ನು ಎರಡೂ ಕಡೆಯವರಿಗೆ ಹೇಳುವುದಿಲ್ಲ. ನಾನು ತಲೆ ತಗ್ಗಿಸಿಕೊಂಡು ಲಿಫ್ಟ್ ಬಿಟ್ಟು ಮೆಟ್ಟಿಲು ಇಳಿದು ಬಂದೆ.

ಇನ್ನು ನಡಿಗೆಗೆ ಬರುತ್ತೇನೆ. ಮಾರ್ಚ್ ತಿಂಗಳ ಎರಡನೇ ಗುರುವಾರ ವಿಶ್ವ ಕಿಡ್ನಿ ದಿನ. ಅದರ ನಂತರದ ಭಾನುವಾರ ನಮ್ಮೂರಿನ ಕೆಲವರು ಸೇರಿ ಸಹಾಯಾರ್ಥ ನಡಿಗೆ ಇಟ್ಟುಕೊಂಡಿದ್ದರು. ಜಿಲ್ಲಾ ಆಸ್ಪತ್ರೆಗಳಲ್ಲಿ ಬಡವರಿಗೆ ಉಚಿತ ಡಯಾಲಿಸಿಸ್ ಸಿಗುವ ಕೇಂದ್ರದ ಕಾರ್ಯಕ್ರಮ 2016ರಿಂದ ಇದೆ. ಆದರೆ ಎಚ್.ಡಿ. ಕೋಟೆ ಕಡೆಯಿಂದ, ತಿ. ನರಸೀಪುರ ಕಡೆಯಿಂದ ವಾರಕ್ಕೆ ಮೂರು ಸಲ ಬರುವವರಿಗೆ ಓಡಾಟದ ಖರ್ಚು ಇದೆ, ಜೊತೆಗೆ ಬರುವವರ ಕೂಲಿ ಹೋಗುತ್ತದೆ, ರಕ್ತ ಹೆಚ್ಚಿಸುವ ಇಂಜೆಕ್ಷನ್ ಕೆಲವೊಮ್ಮೆ ಹೊರಗೆ ಕೊಳ್ಳಬೇಕಾಗುತ್ತದೆ. ನನ್ನ ಪಕ್ಕದ ಹಾಸಿಗೆಯ ಹುಡುಗ ಒಂದು ಗುರುವಾರ ಬರಲಿಲ್ಲ. ಶನಿವಾರ ಮುಖ ಊದಿಸಿಕೊಂಡು ಬಂದ. ಕೇಳಿದರೆ, ದುಡ್ಡಿರಲಿಲ್ಲ ಸಾರ್ ಅಂದ. ಅಂಥವರ ಓಡಾಟದ ಖರ್ಚಿಗಾಗಿ ಈ ನಡಿಗೆ. ನಡೆಯುವವರಿಗೆ ಪರಿಚಯದವರು ಕಿಲೋಮೀಟರಿಗೆ ಇಷ್ಟು ಅಂತ ಕೊಡಬೇಕು. ಜೊತೆಗೆ ಅಂಗಾಂಗ ದಾನದ ಬಗ್ಗೆ ತಿಳಿವಳಿಕೆ.

ಡಾಕ್ಟರನ್ನು ಕೇಳಿದೆ. ಶನಿವಾರ ಡಯಾಲಿಸಿಸ್ ಆಗಿರುತ್ತದೆ, ಭಾನುವಾರ ಬೆಳಿಗ್ಗೆ ನಿಮಗೆ ವಾರದಲ್ಲಿ ಒಳ್ಳೆಯ ಹೊತ್ತು, ಆದರೆ ಎರಡು ಕಿಲೋಮೀಟರ್ ಮೀರಬೇಡಿ, ಜೊತೆಗೆ ಒಬ್ಬರಿರಲಿ, ತಲೆ ಸುತ್ತಿದರೆ ಅಲ್ಲೇ ಕೂತುಬಿಡಿ ಅಂದರು. ನಡಿಗೆಯ ದಾರಿ ದಸರಾ ಮೆರವಣಿಗೆಯ ದಾರಿಯೇ: ಅರಮನೆ ಮುಂದಿನ ಕೋಟೆ ಆಂಜನೇಯಸ್ವಾಮಿ ಗುಡಿಯಿಂದ ಕೆ.ಆರ್. ಸರ್ಕಲ್, ಸಯ್ಯಾಜಿರಾವ್ ರಸ್ತೆ, ಬಂಬೂ ಬಜಾರ್ ಮೇಲೆ ಬನ್ನಿಮಂಟಪ. ಒಟ್ಟು ಐದು ಕಿಲೋಮೀಟರ್ ಹತ್ತಿರ. ಆಯುರ್ವೇದ ಕಾಲೇಜಿನ ಸರ್ಕಲ್ ತನಕ ನನ್ನ ಪಾಲು. ಶಾಲೆಯ ಮಕ್ಕಳಿಗೆ ವಿಷಯ ತಿಳಿದು ಹತ್ತು ರೂಪಾಯಿ, ಇಪ್ಪತ್ತು ರೂಪಾಯಿ ತಂದುಕೊಟ್ಟರು. ಒಂಬತ್ತನೇ ಕ್ಲಾಸಿನ ಒಬ್ಬ, "ಸಾರ್, ಕಿಲೋಮೀಟರಿಗೆ ಹತ್ತು ಬರೆದಿದೀನಿ, ಜಾಸ್ತಿ ನಡೀಬೇಡಿ" ಅಂದ. ನಡೆಯುವುದಿಲ್ಲ ಅಂತ ಮಾತು ಕೊಟ್ಟೆ.

ಇಲ್ಲಿ ಸ್ವಲ್ಪ ನಿಂತು ವಿನಯ ಪಿಟಕದ ಮಹಾವಗ್ಗಕ್ಕೆ ಹೋಗಬೇಕು. ಭೇದಿಯಿಂದ ನರಳುತ್ತಾ ತನ್ನದೇ ಮಲಮೂತ್ರದಲ್ಲಿ ಬಿದ್ದಿದ್ದ ಭಿಕ್ಖುವಿನ ಕಥೆ ನಿಮಗೆಲ್ಲ ಗೊತ್ತು. ಭಗವಾನರು ನೀರು ತರಿಸಿ ಆನಂದನ ಜೊತೆ ತಾವೇ ತೊಳೆದು ಮಂಚದ ಮೇಲೆ ಮಲಗಿಸಿದರು. ರೋಗಿಯ ಸೇವೆ ಮಾಡುವುದು ತನ್ನ ಸೇವೆ ಮಾಡಿದ ಹಾಗೆ ಎಂಬರ್ಥದ ಮಾತು ಅಲ್ಲೇ ಬರುತ್ತದೆ, ನಾವು ಅದನ್ನು ಎಲ್ಲ ಆರೋಗ್ಯ ಶಿಬಿರದ ಬ್ಯಾನರಿನ ಮೇಲೂ ಹಾಕುತ್ತೇವೆ. ಆದರೆ ಆ ಕಥೆಯಲ್ಲಿ ನನಗೆ ತಾಗುವುದು ಬೇರೆ ಜಾಗ. ನಿನ್ನನ್ನು ಯಾರೂ ಏಕೆ ನೋಡಿಕೊಳ್ಳುತ್ತಿಲ್ಲ ಎಂದು ಭಗವಾನರು ಕೇಳಿದಾಗ ಆ ಭಿಕ್ಖು ಕೊಡುವ ಉತ್ತರ: ನನ್ನಿಂದ ಉಳಿದವರಿಗೆ ಏನೂ ಉಪಯೋಗ ಇಲ್ಲ, ಅದಕ್ಕೆ. ಕಾಯಿಲೆ ಬಿದ್ದವರಿಗೆ ಮಾತ್ರ ಈ ಉತ್ತರದ ಒಳಗೆ ಇರುವುದು ಏನು ಅಂತ ಗೊತ್ತಾಗುತ್ತದೆ.

ಅದೇ ಪ್ರಸಂಗದಲ್ಲಿ ಮುಂದೆ ಇನ್ನೊಂದು ವಿಷಯ ಬರುತ್ತದೆ. ರೋಗಿಯನ್ನು ನೋಡಿಕೊಳ್ಳುವವನಲ್ಲಿ ಏನಿರಬೇಕು ಎಂಬುದರ ಜೊತೆಗೆ, ನೋಡಿಕೊಳ್ಳಲು ಸುಲಭವಾಗುವ ರೋಗಿ ಹೇಗಿರುತ್ತಾನೆ ಎಂದು ಐದು ಗುಣಗಳನ್ನು ಹೇಳುತ್ತಾರೆ. ತನಗೆ ಒಗ್ಗುವುದನ್ನು ಮಾಡುತ್ತಾನೆ. ಒಗ್ಗುವುದರಲ್ಲೂ ಅಳತೆ ತಿಳಿದಿರುತ್ತಾನೆ. ಔಷಧಿ ತೆಗೆದುಕೊಳ್ಳುತ್ತಾನೆ. ತನ್ನ ಹಿತ ಬಯಸುವ ಆರೈಕೆದಾರನಿಗೆ ರೋಗ ಹೆಚ್ಚಾಗಿದ್ದರೆ ಹೆಚ್ಚಾಗಿದೆ, ಕಡಿಮೆಯಾಗಿದ್ದರೆ ಕಡಿಮೆಯಾಗಿದೆ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಾನೆ. ನೋವನ್ನು ತಾಳಿಕೊಳ್ಳುತ್ತಾನೆ. ಅಂದರೆ ರೋಗಿಗೂ ಕರ್ತವ್ಯ ಇದೆ, ಮಂಚದ ಮೇಲೆ ಮಲಗಿದವನೂ ಕೊಡಬಹುದಾದದ್ದು ಇದೆ. ತಾಳಿಕೊಳ್ಳುವುದನ್ನು ಕೊನೆಗೆ ಇಟ್ಟಿದ್ದಾರೆ, ನಿಜ ಹೇಳುವುದನ್ನು ಅದಕ್ಕಿಂತ ಮೊದಲು. ನಮ್ಮ ಮನೆಗಳಲ್ಲಿ ಗಂಡಸರು ಸಾಮಾನ್ಯವಾಗಿ ನಾಲ್ಕನೆಯದನ್ನು ಬಿಟ್ಟು ಐದನೆಯದಕ್ಕೆ ಹಾರುತ್ತೇವೆ.

ಎರಡನೆಯ ಗುಣ, ಅಳತೆ, ನಡಿಗೆ ಶುರುವಾಗುವ ಮೊದಲೇ ಪರೀಕ್ಷೆಗೆ ಬಂತು. ಬೆಳಿಗ್ಗೆ ಆರೂವರೆ. ಬಂದವರಿಗೆಲ್ಲ ಸ್ವಯಂಸೇವಕರು ಪ್ರೀತಿಯಿಂದ ಎಳನೀರು, ಬಾಳೆಹಣ್ಣು ಕೊಡುತ್ತಿದ್ದರು! ಕಿಡ್ನಿ ಇಲ್ಲದವನಿಗೆ ಇವೆರಡೂ ವಿಷಕ್ಕೆ ಸಮ. ಎರಡರಲ್ಲೂ ಪೊಟ್ಯಾಸಿಯಂ ಜಾಸ್ತಿ, ಅದನ್ನು ಹೊರಹಾಕುವ ದಾರಿ ನಮಗಿಲ್ಲ, ರಕ್ತದಲ್ಲಿ ಏರಿದರೆ ಹೃದಯದ ಬಡಿತವೇ ತಪ್ಪಬಹುದು. ಬೇಡಮ್ಮ ಅಂದೆ. ಆ ಹುಡುಗಿ, "ಅಂಕಲ್, ಎಳನೀರು ಕಿಡ್ನಿಗೆ ಒಳ್ಳೇದು" ಅಂತ ಒತ್ತಾಯ ಮಾಡಿದಳು. ಆರೋಗ್ಯವಂತರ ಕಿಡ್ನಿಗೆ ಒಳ್ಳೆಯದೇ ಇರಬಹುದು ತಾಯಿ, ನನ್ನಂಥವರಿಗೆ ಆಗುವುದಿಲ್ಲ ಅಂತ ವಿವರಿಸಿದೆ. ಅವಳು ಗಾಬರಿಯಾಗಿ ಓಡಿಹೋಗಿ ಮೈಕ್ ಹಿಡಿದವರಿಗೆ ಹೇಳಿದಳು, ಅವರು ಮೈಕಿನಲ್ಲಿ ಹೇಳಿದರು. ದಯವಿಟ್ಟು ನೀವೂ ನೆನಪಿಡಿ: ಡಯಾಲಿಸಿಸ್ ಮಾಡಿಸಿಕೊಳ್ಳುವವರ ಮನೆಗೆ ನೋಡಲು ಹೋಗುವಾಗ ಎಳನೀರು, ಬಾಳೆಹಣ್ಣು, ಕಿತ್ತಳೆ ತೆಗೆದುಕೊಂಡು ಹೋಗಬೇಡಿ.

ನಡಿಗೆ ಶುರುವಾಯಿತು. ಹೆಂಡತಿ ಪಕ್ಕದಲ್ಲಿ, ಕೈಯಲ್ಲಿ ಇನ್ನೂರು ಮಿಲಿಯ ಬಾಟಲಿ. ಮೊದಲ ಅರ್ಧ ಕಿಲೋಮೀಟರ್ ನಾನು ಹಬ್ಬದ ಆನೆಯ ಹಾಗೆ ನಡೆದೆ ಅಂತಲೇ ಹೇಳಬೇಕು. ಫೋಟೋ ತೆಗೆದರು. ಯಾರೋ ನನ್ನ ಕೈಗೆ 'ಅಂಗಾಂಗ ದಾನ ಮಾಡಿ, ಜೀವ ಉಳಿಸಿ' ಎಂಬ ಫಲಕ ಕೊಟ್ಟರು. ಅದನ್ನು ಬಲಗೈಯಲ್ಲಿ ಹಿಡಿದುಕೊಂಡಾಗ ನಾಚಿಕೆಯಾಯಿತು. ಇದು ಜಾಗೃತಿಯೋ, ಭಿಕ್ಷೆಯೋ? ಭಿಕ್ಖುಗಳು ಪಿಂಡಪಾತಕ್ಕೆ ಹೋದಾಗ ಮನೆ ಮುಂದೆ ಸುಮ್ಮನೆ ನಿಲ್ಲುತ್ತಾರೆ, ಬಾಯಿಬಿಟ್ಟು ಇಂಥದ್ದು ಕೊಡಿ ಅನ್ನುವುದಿಲ್ಲ. ನಾನು ರಸ್ತೆ ತುಂಬ, ನಿಮ್ಮ ಮನೆಯವರು ಸತ್ತರೆ ನನಗೆ ಕೊಡಿ ಅಂತ ಬರೆದ ಬೋರ್ಡ್ ಹಿಡಿದು ಹೋಗುತ್ತಿದ್ದೇನೆ ಅನ್ನಿಸಿತು. ಫಲಕವನ್ನು ಪಕ್ಕದ ಹುಡುಗನಿಗೆ ಕೊಟ್ಟುಬಿಟ್ಟೆ.

ದೇವರಾಜ ಮಾರುಕಟ್ಟೆ ಹತ್ತಿರ, ಚಿಕ್ಕ ಗಡಿಯಾರದ ಬಳಿ ಬರುವ ಹೊತ್ತಿಗೆ ಕಾಲು ಸೋತು ಕಣ್ಣಿಗೆ ಸ್ವಲ್ಪ ಮಂಜು ಬಂತು. ಐದನೇ ಗುಣಕ್ಕೆ ಹಾರುವ ಆಸೆ ಆಯಿತು. ಇನ್ನು ಸ್ವಲ್ಪವೇ ದೂರ, ಮಕ್ಕಳಿಗೆ ಲೆಕ್ಕ ಕೊಡಬೇಕು. ಆದರೂ ಹೆಂಡತಿಗೆ ಹೇಳಿದೆ: "ತಲೆ ಸುತ್ತುತ್ತಿದೆ." ಅವಳು ಒಂದು ಮಾತೂ ಆಡದೆ ತೋಳು ಹಿಡಿದು ಕಟ್ಟೆಯ ಮೇಲೆ ಕೂರಿಸಿದಳು. ಮಲ್ಲಿಗೆ, ಸೇವಂತಿಗೆ ಬುಟ್ಟಿಗಳು ಇಳಿಯುತ್ತಿದ್ದವು. ಬಿಳಿ ಟೀ ಶರ್ಟಿನವರು ಸಾಲಾಗಿ ಮುಂದೆ ಹೋದರು.

ನಮ್ಮ ಪಕ್ಕದಲ್ಲಿ ಇನ್ನೊಬ್ಬರು ಹೆಂಗಸು ಕೂತಿದ್ದರು, ಐವತ್ತರ ಆಸುಪಾಸು, ಸೀರೆಯ ಮೇಲೆ ಅದೇ ಟೀ ಶರ್ಟ್. ಅವರಿಗೆ ಮಂಡಿನೋವು. ನಿಮಗೆ ಯಾರಿಗಾಗಿ ಈ ನಡಿಗೆ ಅಂತ ಹೆಂಡತಿ ಮಾತಿಗೆ ಕೇಳಿದಳು. ಮಗನಿಗೆ ಅಂದರು. ಇಪ್ಪತ್ತಮೂರು ವರ್ಷ, ಬೈಕಿನಿಂದ ಬಿದ್ದಿದ್ದ, ಹೆಲ್ಮೆಟ್ ಟ್ಯಾಂಕಿನ ಮೇಲೆ ಇತ್ತು. ಎರಡು ವರ್ಷವಾಯಿತು. ಅವನ ಎರಡು ಕಿಡ್ನಿ, ಲಿವರ್, ಕಣ್ಣು ಕೊಟ್ಟೆವು ಅಂದರು.

ನನಗೆ ಮಾತು ಹೊರಡಲಿಲ್ಲ. ಆಮೇಲೆ ನಾಲ್ಕನೇ ಗುಣ ನೆನಪಾಯಿತೋ, ಸುಸ್ತಿಗೆ ಮನಸ್ಸಿನ ಕಾವಲು ಸಡಿಲವಾಗಿತ್ತೋ, ಯಾರಿಗೂ ಹೇಳದ್ದನ್ನು ಆಕೆಗೆ ಹೇಳಿಬಿಟ್ಟೆ. ಅಮ್ಮ, ನಾನು ಪಟ್ಟಿಯಲ್ಲಿದ್ದೇನೆ, ಪತ್ರಿಕೆಯಲ್ಲಿ ಅಪಘಾತದ ಸುದ್ದಿ ನೋಡಿದರೆ ನನ್ನ ಮನಸ್ಸು ಹೀಗೆ ಹೀಗೆ ಯೋಚಿಸುತ್ತದೆ, ನಿಮ್ಮ ಮಗನಂಥವರ ಸಾವಿಗೆ ಕಾಯುತ್ತಿದ್ದೇನೆ ಅಂತ. ಹೆಂಡತಿ ನನ್ನ ಮುಖವನ್ನೇ ನೋಡಿದಳು. ಅವಳಿಗೂ ಅದು ಹೊಸದು.

ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ನನ್ ಮಗ ನಿಮಗೋಸ್ಕರ ಸಾಯ್ಲಿಲ್ಲ ಸಾರ್. ಬೈಕಿಂದ ಬಿದ್ದು ಸತ್ತ. ನೀವು ಕಾದಿದ್ರೂ ಸಾಯ್ತಿದ್ದ, ಕಾಯ್ದೆ ಇದ್ರೂ ಸಾಯ್ತಿದ್ದ. ಕೊಟ್ಟಿದ್ದು ನಾವು. ಅದು ಬೇರೆ."

ಆಮೇಲೆ ಇನ್ನೊಂದು ಹೇಳಿದರು. ಅದನ್ನೂ ಬರೆಯಬೇಕು, ಇಲ್ಲದಿದ್ದರೆ ಆಕೆಯನ್ನು ನಾನು ಕ್ಯಾಲೆಂಡರ್ ಚಿತ್ರ ಮಾಡಿದ ಹಾಗೆ ಆಗುತ್ತದೆ. "ಸೈನ್ ಹಾಕುವಾಗ ಅವನ ಕೈ ಹಿಡ್ಕೊಂಡಿದ್ದೆ. ಬೆಚ್ಚಗಿತ್ತು. ಈಗ್ಲೂ ಕೆಲವು ರಾತ್ರಿ ಎದ್ದು ಕೂರ್ತೀನಿ, ಬೆಚ್ಚಗಿದ್ದನಲ್ಲ, ತಪ್ಪು ಮಾಡಿದ್ನಾ ಅಂತ." ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ನನ್ನ ಹೆಂಡತಿ ಆಕೆಯ ಕೈ ಹಿಡಿದುಕೊಂಡಳು.

ಮನೆಗೆ ಬಂದು ಮಜ್ಝಿಮ ನಿಕಾಯದ ಮಹಾವೇದಲ್ಲ ಸುತ್ತ ತೆಗೆದೆ. ಈ ದೇಹ ಕಟ್ಟಿಗೆಯ ತುಂಡಿನ ಹಾಗೆ ಬಿದ್ದಿರುವುದು ಯಾವಾಗ ಎಂದು ಮಹಾಕೊಟ್ಠಿತ ಕೇಳುತ್ತಾನೆ. ಆಯು, ಉಸ್ಮಾ, ವಿಞ್ಞಾಣ, ಅಂದರೆ ಆಯುಷ್ಯ, ಬಿಸಿ, ಅರಿವು, ಈ ಮೂರೂ ಬಿಟ್ಟುಹೋದಾಗ ಎಂದು ಸಾರಿಪುತ್ತರು ಉತ್ತರಿಸುತ್ತಾರೆ. ಆ ತಾಯಿಗೆ ಸುತ್ತ ಗೊತ್ತಿಲ್ಲ, ಆದರೆ ಆಕೆಯ ಕೈಗೆ ತಾಗಿದ್ದು ಇದೇ ಉಸ್ಮಾ. ಮೆದುಳು ಸತ್ತ ದೇಹ ಯಂತ್ರದ ಉಸಿರಿನಿಂದ ಬೆಚ್ಚಗಿರುತ್ತದೆ. ಇದನ್ನೇ ಹಿಡಿದು ಕೆಲವು ಬೌದ್ಧ ವಿದ್ವಾಂಸರು, ಮೆದುಳಿನ ಸಾವನ್ನು ಸಾವು ಎನ್ನಬಹುದೇ ಎಂದು ಪ್ರಶ್ನಿಸುತ್ತಾರೆ. ಟಿಬೆಟಿನ ಪರಂಪರೆಯಲ್ಲಿ ಉಸಿರು ನಿಂತ ಮೇಲೂ ದೇಹವನ್ನು ಕೆಲಕಾಲ ಮುಟ್ಟಬಾರದು ಎನ್ನುವವರಿದ್ದಾರೆ. ಈ ಪ್ರಶ್ನೆಯನ್ನು ನಾವು ತಳ್ಳಿಹಾಕುವುದು ಸರಿಯಲ್ಲ. ನಮ್ಮ ದೇಶದ ಕಾನೂನು 1994ರ ಅಂಗಾಂಗ ಕಸಿ ಕಾಯಿದೆಯಲ್ಲಿ ಮೆದುಳಿನ ಕಾಂಡದ ಸಾವನ್ನು ಸಾವು ಎಂದು ಒಪ್ಪಿದೆ. ಅದನ್ನು ನಾಲ್ಕು ವೈದ್ಯರ ತಂಡ ದೃಢಪಡಿಸಬೇಕು, ಕನಿಷ್ಠ ಆರು ಗಂಟೆಯ ಅಂತರದಲ್ಲಿ ಎರಡು ಸಲ ಪರೀಕ್ಷೆ ಮಾಡಬೇಕು. ಯಂತ್ರ ತೆಗೆದರೆ ತಾನಾಗಿ ಒಂದು ಉಸಿರೂ ಬರುವುದಿಲ್ಲ ಎಂಬುದನ್ನೂ ನೋಡುತ್ತಾರೆ. ವಿಜ್ಞಾನದ ಮೇಷ್ಟ್ರಾಗಿ ನನಗೆ ಅಷ್ಟು ಸಾಕು: ಆ ಬಿಸಿ ಯಂತ್ರದ್ದು. ಆದರೆ ನಾನು ಪಡೆಯುವ ಕಡೆಯವನು, ನನಗೆ ಸಾಕು ಅನ್ನಿಸುವುದು ಸುಲಭ. ಆ ತಾಯಿಯ ರಾತ್ರಿಗಳಿಗೆ ಇದು ಸಾಕಾಗುತ್ತದೆ ಅಂತ ನಾನು ಹೇಳಲಾರೆ.

ಆಕೆಯ ಮೊದಲ ಮಾತು ಮಾತ್ರ ನನ್ನ ಗಂಟನ್ನು ಸ್ವಲ್ಪ ಬಿಡಿಸಿತು. ಧಮ್ಮದ ಭಾಷೆಯಲ್ಲಿ ಹೇಳುವುದಾದರೆ, ನಾವು ಓದಿದ್ದೇವೆ, ಚೇತನವೇ ಕಮ್ಮ. ಬಯಕೆಗಳೆಲ್ಲ ಒಂದೇ ಅಲ್ಲ. ತಣ್ಹಾ ಬೇರೆ, ಛಂದ ಬೇರೆ. ಅಭಿಧಮ್ಮದಲ್ಲಿ ಛಂದವನ್ನು ಕತ್ತುಕಮ್ಯತಾ, ಅಂದರೆ ಮಾಡಬೇಕೆಂಬ ಮನಸ್ಸು ಎಂದು ವಿವರಿಸುತ್ತಾರೆ. ನಾನು ಯಾರದೋ ಸಾವನ್ನು ಬಯಸುತ್ತಿದ್ದೇನೆ ಎಂದು ತಿಳಿದಿದ್ದೆ. ಹತ್ತಿರದಿಂದ ನೋಡಿದರೆ ಅಲ್ಲಿ ಎರಡು ದಾರ ಹೆಣೆದುಕೊಂಡಿದ್ದವು. ಒಂದು, ಬದುಕಬೇಕು ಎಂಬ ಆಸೆ. ಇನ್ನೊಂದು, ಆ ಆಸೆ ಹೆದರಿದಾಗ ಪತ್ರಿಕೆಯ ಸುದ್ದಿಯ ಮೇಲೆ ಹದ್ದಿನ ಹಾಗೆ ಎರಗುವ ಅಭ್ಯಾಸ. ಮೊದಲನೆಯದಕ್ಕೆ ನಾನು ಕ್ಷಮೆ ಕೇಳಬೇಕಾಗಿಲ್ಲ. ಎರಡನೆಯದು ಬಂದಾಗ ಬಂತು ಅಂತ ಗುರುತಿಸಿ, ಆ ಗಾಯಾಳುವಿಗೇ ಮೊದಲು ಮೈತ್ರಿ ಕಳಿಸುವುದನ್ನು ಈ ವಾರದಿಂದ ರೂಢಿ ಮಾಡಿಕೊಂಡಿದ್ದೇನೆ. ಅವನು ಬದುಕಿ ಮನೆಗೆ ಹೋಗಲಿ ಅಂತ. ಮಂಗಳವಾರ ಒಂದು ಸುದ್ದಿಗೆ ಹಾಗೆ ಮಾಡಲು ಆಯಿತು. ನಿನ್ನೆ ಆಗಲಿಲ್ಲ.

ಈಗ ದಾನ ಪಾರಮಿಯ ವಿಷಯ. ಅಟ್ಠಕಥೆಗಳಲ್ಲಿ ಇದಕ್ಕೆ ಮೂರು ಮೆಟ್ಟಿಲು ಹೇಳುತ್ತಾರೆ. ಹೊರಗಿನ ವಸ್ತು ಕೊಡುವುದು ದಾನ ಪಾರಮಿ, ದೇಹದ ಅಂಗ ಕೊಡುವುದು ದಾನ ಉಪಪಾರಮಿ, ಪ್ರಾಣವನ್ನೇ ಕೊಡುವುದು ದಾನ ಪರಮತ್ಥ ಪಾರಮಿ. ಎರಡನೇ ಮೆಟ್ಟಿಲಿಗೆ ಸಿವಿ ಜಾತಕವೇ ಉದಾಹರಣೆ. ಶಕ್ರ ಕುರುಡ ಮುದುಕನ ವೇಷದಲ್ಲಿ ಬಂದು ಕಣ್ಣು ಬೇಡುತ್ತಾನೆ, ರಾಜ ಎರಡೂ ಕಣ್ಣು ಕೊಡುತ್ತಾನೆ. ಶ್ರೀಲಂಕಾದಲ್ಲಿ 1961ರಲ್ಲಿ ಡಾ. ಹಡ್ಸನ್ ಸಿಲ್ವ ಅವರು ಕಟ್ಟಿದ ನೇತ್ರದಾನ ಸಂಸ್ಥೆ ಬೆಳೆಯಲು ಜನರ ಮನಸ್ಸಿನಲ್ಲಿದ್ದ ಈ ಜಾತಕ ಬಹಳ ನೆರವಾಯಿತು, ಅಲ್ಲಿಂದ ಎಷ್ಟೋ ದೇಶಗಳಿಗೆ ಕಣ್ಣುಗಳು ಹೋಗಿವೆ. ನಮ್ಮಲ್ಲಿ 2006ರಲ್ಲಿ ಡಾ. ರಾಜ್‌ಕುಮಾರ್, 2021ರಲ್ಲಿ ಪುನೀತ್ ಕಣ್ಣು ಕೊಟ್ಟು ಹೋದದ್ದನ್ನು ಹೇಳದೆ ಯಾವ ಶಿಬಿರವೂ ಮುಗಿಯುವುದಿಲ್ಲ. ಅದೇ 2021ರ ಜೂನ್‌ನಲ್ಲಿ ನಟ ಸಂಚಾರಿ ವಿಜಯ್ ಬೈಕ್ ಅಪಘಾತದಲ್ಲಿ ಮೆದುಳು ನಿಷ್ಕ್ರಿಯರಾದಾಗ ಮನೆಯವರು ಅವರ ಅಂಗಾಂಗ ದಾನ ಮಾಡಿದರು. ಕಣ್ಣನ್ನು ಹೃದಯ ನಿಂತ ಮೇಲೂ ಕೆಲವು ಗಂಟೆಯೊಳಗೆ ಕೊಡಬಹುದು. ಮೃತರ ಕಿಡ್ನಿಗೆ ಸಾಮಾನ್ಯವಾಗಿ ಸಂಚಾರಿ ವಿಜಯ್ ಅವರಿಗೆ ಆದಂಥ ಪರಿಸ್ಥಿತಿಯೇ ಬರಬೇಕು. ಅದಕ್ಕೇ ನಮ್ಮ ಸರದಿ ಉದ್ದ.

ಸಿವಿ ಜಾತಕದಲ್ಲಿ ಒಂದು ಸಣ್ಣ ವಿವರವನ್ನು ನಾವು ಪ್ರವಚನಗಳಲ್ಲಿ ಬಿಟ್ಟುಬಿಡುತ್ತೇವೆ. ರಾಜನ ವೈದ್ಯ ಸೀವಕ ಒಂದೇ ಸಲಕ್ಕೆ ಕಣ್ಣು ಕೀಳುವುದಿಲ್ಲ. ಔಷಧಿ ಹಾಕಿ ನಿಲ್ಲುತ್ತಾನೆ. ಮಹಾರಾಜ, ಇನ್ನೂ ಯೋಚಿಸಿ, ಈಗಲೂ ಸರಿಮಾಡಬಲ್ಲೆ ಎಂಬರ್ಥದಲ್ಲಿ ಹೇಳುತ್ತಾನೆ. ಮತ್ತೆ ಮತ್ತೆ ಹೀಗೆ ಬಿಡುವು ಕೊಡುತ್ತಾನೆ. ಬೇಡ ಎನ್ನುವ ದಾರಿ ಕೊನೆತನಕ ತೆರೆದಿತ್ತು.

ಇಲ್ಲಿ ನನ್ನ ತಮ್ಮನ ವಿಷಯ ಬರೆಯಬೇಕು. ಅವನದು ನನ್ನದೇ ರಕ್ತದ ಗುಂಪು. ಎರಡು ವರ್ಷದ ಹಿಂದೆ ಕೊಡುತ್ತೇನೆ ಅಂದ, ಪರೀಕ್ಷೆಗಳೂ ಆದವು. ಆಮೇಲೆ ಒಂದು ದಿನ ಆಸ್ಪತ್ರೆಯಲ್ಲಿ ಕೌನ್ಸೆಲಿಂಗ್‌ಗೆ ಒಬ್ಬನೇ ಒಳಗೆ ಹೋದವನು ಹೊರಗೆ ಬಂದು, "ಅಣ್ಣ, ನನ್ನ ಕೈಲಿ ಆಗಲ್ಲ" ಅಂದ. ಚಿಕ್ಕ ಮಕ್ಕಳಿದ್ದಾರೆ, ಹೆಂಡತಿ ಹೆದರಿದ್ದಾಳೆ. ನಾನು ಬಾಯಲ್ಲಿ ಪರವಾಗಿಲ್ಲ ಅಂದೆ. ಅಲ್ಲಿಂದ ಇಲ್ಲಿಯವರೆಗೆ ಅವನ ಮನೆಯ ಹಬ್ಬಕ್ಕೆ ಹೋಗಿಲ್ಲ. ನಡಿಗೆಗೆ ಅವನು ಫೋನಿನಲ್ಲಿ ಐದು ಸಾವಿರ ಕಳಿಸಿದ. ಎಲ್ಲರಿಗಿಂತ ಜಾಸ್ತಿ ಅವನದೇ. ಆ ಸಂದೇಶ ನೋಡಿ ನನಗೆ ಮೊದಲು ಬಂದದ್ದು ಸಿಟ್ಟು. ಕಿಡ್ನಿಯ ಬದಲು ದುಡ್ಡಾ ಅಂತ. ಆ ಸಿಟ್ಟು ಇನ್ನೂ ಪೂರ್ತಿ ಹೋಗಿಲ್ಲ. ಆದರೆ ಸೀವಕನ ವಿವರ ಓದುವಾಗ ಅರ್ಥವಾದದ್ದು ಇದು: ಆ ಕೌನ್ಸೆಲಿಂಗ್ ಕೋಣೆ ಇರುವುದೇ ನನ್ನ ತಮ್ಮನಂಥವರು ಆಗಲ್ಲ ಅನ್ನಲಿಕ್ಕೆ. ಅಲ್ಲಿ ಆಗಲ್ಲ ಅನ್ನಲು ಅವಕಾಶ ಇಲ್ಲದಿದ್ದರೆ ಕೊಟ್ಟದ್ದು ದಾನ ಆಗುವುದಿಲ್ಲ, ವಸೂಲಿ ಆಗುತ್ತದೆ. ಅಂಗ ಕೊಡುವುದು ಉಪಪಾರಮಿ, ಬೋಧಿಸತ್ತನ ಸಾಧನೆ. ಅದನ್ನು ನಾನು ಒಬ್ಬ ಹೆದರಿದ ಗೃಹಸ್ಥನಿಂದ ಸಾಲದ ಬಾಕಿಯ ಹಾಗೆ ಕೇಳುತ್ತಿದ್ದೆ.

ಕೆಲವರು ನನಗೆ ಹೇಳುತ್ತಾರೆ, ನೀವು ಬೌದ್ಧರು, ಅನಿಚ್ಚ ತಿಳಿದವರು, ಈ ಕಸಿಗಿಸಿ ಎಲ್ಲ ದೇಹದ ಮೋಹ ಅಲ್ಲವೇ ಅಂತ. ಆರೋಗ್ಯವಾಗಿರುವವರೇ ಇದನ್ನು ಹೆಚ್ಚಾಗಿ ಹೇಳುವುದು. ಔಷಧಿ ತೆಗೆದುಕೊಳ್ಳುವವನನ್ನು ಭಗವಾನರು ಒಳ್ಳೆಯ ರೋಗಿ ಎಂದರು, ಮೋಹದಲ್ಲಿ ಬಿದ್ದವನು ಅನ್ನಲಿಲ್ಲ. ಕಸಿ ಆದರೂ ಅದು ಶಾಶ್ವತ ಅಲ್ಲ, ಬದುಕಿರುವ ತನಕ ದೇಹ ಅದನ್ನು ಹೊರದಬ್ಬದಂತೆ ಮಾತ್ರೆ ನುಂಗಬೇಕು, ಕೆಲವು ವರ್ಷಗಳ ಮೇಲೆ ಆ ಕಿಡ್ನಿಯೂ ಸೋಲಬಹುದು. ಅನಿಚ್ಚ ಎಲ್ಲಿಗೂ ಹೋಗುವುದಿಲ್ಲ. ಅಲ್ಲಿಯವರೆಗೆ ನಾನು ಪಾಠ ಮಾಡಬಹುದು, ಒಂದು ಲೋಟ ನೀರು ಪೂರ್ತಿ ಕುಡಿಯಬಹುದು.

ಚಿಕ್ಕ ಗಡಿಯಾರದಿಂದ ಎದ್ದು ಆಯುರ್ವೇದ ಕಾಲೇಜಿನ ಸರ್ಕಲ್ ತನಕ ಮೂವರೂ ನಿಧಾನವಾಗಿ ನಡೆದೆವು, ಆ ತಾಯಿಯೂ ಜೊತೆಗೆ. ಅಲ್ಲಿಂದ ನಾವು ಆಟೋ ಹತ್ತಿದೆವು, ಆಕೆ ಬನ್ನಿಮಂಟಪದ ಕಡೆ ಮುಂದೆ ಹೋದರು, ಮಂಡಿನೋವಿನಲ್ಲೇ. ಹೆಸರು ಕೇಳಲಿಲ್ಲ. ಫೋನ್ ನಂಬರೂ ತೆಗೆದುಕೊಳ್ಳಲಿಲ್ಲ. ಆಟೋದಲ್ಲಿ ಹೆಂಡತಿ, "ಇದನ್ನ ನನ್ನ ಹತ್ತಿರ ಯಾಕೆ ಹೇಳ್ಲಿಲ್ಲ?" ಅಂತ ಕೇಳಿದಳು. ಆರೈಕೆ ಮಾಡುವವಳಿಗೆ ನಿಜ ಹೇಳಬೇಕು ಎನ್ನುವ ಗುಣದಲ್ಲಿ ನಾನು ಎಷ್ಟು ಹಿಂದೆ ಬಿದ್ದಿದ್ದೇನೆ ಅಂತ ಆಗ ಗೊತ್ತಾಯಿತು. ಆ ಸಂಜೆ ನಾವಿಬ್ಬರೂ ಬಹಳ ಹೊತ್ತು ಮಾತಾಡಿದೆವು. ಅವಳು ತನ್ನ ಅಂಗಾಂಗಗಳ ಬಗ್ಗೆ ಏನು ಮಾಡಬೇಕು ಎಂಬುದನ್ನೂ ಹೇಳಿದಳು. ನಾನೂ ನನ್ನದನ್ನು ಹೇಳಿದೆ. ಕಿಡ್ನಿ ಕೆಟ್ಟವನಾದರೇನು, ಕಣ್ಣು ಚೆನ್ನಾಗಿಯೇ ಇದೆ.

ಇದನ್ನು ಹೇಳಲು ಒಂದು ಕಾರಣವಿದೆ. ದಾನದ ಪ್ರತಿಜ್ಞೆ ಕಾರ್ಡ್ ಜೇಬಿನಲ್ಲಿ ಇದ್ದರೂ ನಮ್ಮ ದೇಶದಲ್ಲಿ ಕೊನೆಗೆ ಮನೆಯವರನ್ನು ಕೇಳಿಯೇ ಮುಂದೆ ಹೋಗುತ್ತಾರೆ. ಮನೆಯವರು ಬೇಡ ಅಂದರೆ ಇಲ್ಲ. ಆ ಕಾರಿಡಾರಿನಲ್ಲಿ, ಬೆಚ್ಚಗಿನ ಕೈ ಹಿಡಿದುಕೊಂಡು, ಇವನು ಏನು ಬಯಸುತ್ತಿದ್ದನೋ ಎಂದು ಊಹಿಸುವ ಕೆಲಸವನ್ನು ಅವರ ಮೇಲೆ ಹೊರಿಸಬೇಡಿ. ಕೊಡುವುದಾದರೆ ಕೊಡಿ ಅಂತ ಹೇಳಿ. ಬೇಡವಾದರೆ ಬೇಡ ಅಂತ ಹೇಳಿ, ಅದೂ ಸರಿಯೇ. ಆ ತಾಯಿಯ ಮಗ ಒಂದು ಸಲ ಹೇಳಿದ್ದಿದ್ದರೆ ಆಕೆಯ ಕೆಲವು ರಾತ್ರಿಗಳಾದರೂ ಹಗುರವಾಗುತ್ತಿದ್ದವೇನೋ.

ಭಾನುವಾರದ ಸಭೆಗೆ ಓದಿಕೊಂಡು ಬನ್ನಿ: ಮಹಾವಗ್ಗದಲ್ಲಿ ರೋಗಿಯ ಪ್ರಸಂಗ, ಸಿವಿ ಜಾತಕ, ಮತ್ತು ಸಮಯವಿದ್ದರೆ ಮಹಾವೇದಲ್ಲ ಸುತ್ತ. ಉಸ್ಮಾದ ಪ್ರಶ್ನೆಯನ್ನು ಎತ್ತಿಕೊಳ್ಳೋಣ. ಬಳಗದಲ್ಲಿ ಇಬ್ಬರು ನರ್ಸ್‌ಗಳಿದ್ದಾರೆ, ಅವರ ಅನುಭವ ಕೇಳಬೇಕು. ತಮ್ಮನಿಗೆ ಇವತ್ತು ಸಂಜೆ ಫೋನ್ ಮಾಡಬೇಕು ಅಂದುಕೊಂಡಿದ್ದೇನೆ. ಭಾನುವಾರಕ್ಕೆ ಅವನನ್ನೂ ಕರೆಯಲೋ ಬೇಡವೋ ಇನ್ನೂ ನಿಶ್ಚಯ ಮಾಡಿಲ್ಲ.

ಶನಿವಾರ ನನ್ನ ಡಯಾಲಿಸಿಸ್ ಮುಗಿದಿರುತ್ತದೆ, ಸಭೆಗೆ ಬರುತ್ತೇನೆ. ಫೋನನ್ನು ಮಾತ್ರ ಸೈಲೆಂಟ್ ಮಾಡುವುದಿಲ್ಲ, ದಯವಿಟ್ಟು ಕ್ಷಮಿಸಿ. ನನಗೆ ಎಳನೀರು ತರಬೇಡಿ.

ನಮೋ ಬುದ್ಧಾಯ 🙏